ಜಾನಕೀಬಾಯಿ ಹುಡುಕಿದ ಗೋರಿ

ಮೊದಲೇ ಹೇಳಿಬಿಡುತ್ತೇನೆ, ನನಗೂ ಇತಿಹಾಸಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ನನ್ನ ಹೆಸರು ಚಂದ್ರಾಮ, ಸೇಡಂನ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದವನು. ಸೀಟಿ ಊದುವುದು, ಕಬಡ್ಡಿ ಅಂಕಣಕ್ಕೆ ಸುಣ್ಣ ಹಾಕಿಸುವುದು, ಮೈಗಳ್ಳರ ಬೆನ್ನಿಗೆ ಎರಡು ಬಿಗಿಯುವುದು, ನನಗೆ ಬರುತ್ತಿದ್ದದ್ದು ಇಷ್ಟೇ. ಇಂಥವನು ನಿವೃತ್ತಿಯಾದ ಮೇಲೆ ಭಾನುವಾರಕ್ಕೊಂದು ಊರಿನಂತೆ ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಿ ಕಂಡಕಂಡ ಮುದುಕರ ಕಟ್ಟೆಯ ಮೇಲೆ ಕುಳಿತು ಹಳೆಯ ಸುದ್ದಿ ಕೇಳಬೇಕಾಗಿ ಬಂದದ್ದು ಜಾನಕೀಬಾಯಿಯವರಿಂದ. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ, ನನಗೆ ಅವರಿಗೆ ಇಲ್ಲ ಅನ್ನಲು ಬರುವುದಿಲ್ಲ. ನನ್ನ ಹೆಂಡತಿ ಇದನ್ನು ಪೂರ್ವಜನ್ಮದ ಸಾಲ ಎನ್ನುತ್ತಾಳೆ.

ಜಾನಕೀಬಾಯಿ ಅದೇ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ವೈಷ್ಣವರ ಮನೆ. ಗಂಡ ಗೋಪಾಲರಾಯರು ತಹಸೀಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಈಗ ಹಣಮಂದೇವರ ಗುಡಿಯ ಪೂಜೆ ನೋಡಿಕೊಂಡಿದ್ದಾರೆ. ಮನೆಯೊಳಗೆ ಮಡಿ, ಏಕಾದಶಿ ಎಲ್ಲ ಕಟ್ಟುನಿಟ್ಟು. ಆದರೆ ಹೊಸ್ತಿಲು ದಾಟಿದರೆಂದರೆ ಈ ಬಾಯಿ ಯಾರ ಮನೆಯ ಚಹಾಕ್ಕೂ ಬೇಡ ಅಂದವರಲ್ಲ. ಅತ್ತೆ ಇದ್ದಷ್ಟು ದಿನ ಇದೇ ವಿಷಯಕ್ಕೆ ಮನೆಯಲ್ಲಿ ರಾದ್ಧಾಂತ. ಅತ್ತೆ ಬೈದು ಮುಗಿಸುವವರೆಗೆ ನಿಂತು ಕೇಳಿ, ಮೈಮೇಲೆ ನೀರು ಸುರಿದುಕೊಂಡು, ಮುಂದಿನ ಭಾನುವಾರ ಮತ್ತೆ ಹೊರಡುತ್ತಿದ್ದರು.

ಪಾಠ ಮಾಡುವ ರೀತಿಯೂ ಹಾಗೆಯೇ. ರಾಜರ ಹೆಸರುಗಳು ಪುಸ್ತಕದಲ್ಲಿವೆ, ಅವನ್ನು ನೀವೇ ಓದಿಕೊಳ್ಳಿ ಎಂದುಬಿಡುತ್ತಿದ್ದರು. ನಿಮ್ಮ ಮನೆಯಲ್ಲಿ ವಾಡಿ ಸ್ಟೇಷನ್ನಿನಿಂದ ಮೊದಲು ರೈಲು ಹತ್ತಿದವರು ಯಾರು, ಯಾಕೆ ಹೋದರು, ಕೇಳಿಕೊಂಡು ಬನ್ನಿ ಎಂದು ಹುಡುಗರನ್ನು ಅಟ್ಟುತ್ತಿದ್ದರು. ಒಬ್ಬನ ಅಜ್ಜ ಗಿರಣಿ ಕೆಲಸಕ್ಕೆ ಸೊಲ್ಲಾಪುರಕ್ಕೆ ಹೋದವನು, ಇನ್ನೊಬ್ಬನ ಅಜ್ಜಿ ಗಂಡನ ಹೊಡೆತ ತಾಳದೆ ಓಡಿಹೋದವಳು, ಮತ್ತೊಬ್ಬನ ಮುತ್ತಜ್ಜ ನಿಜಾಮನ ಪೊಲೀಸರ ಕೈಗೆ ಸಿಗಬಾರದೆಂದು ಹೋದವನು. ಹುಡುಗರು ಇದನ್ನೆಲ್ಲ ತರಗತಿಯಲ್ಲಿ ಗಟ್ಟಿಯಾಗಿ ಹೇಳುವುದು ನನ್ನ ಮೈದಾನದವರೆಗೆ ಕೇಳುತ್ತಿತ್ತು. ಒಂದೆರಡು ಮನೆಯವರು ಬಂದು ಹೆಡ್ಮಾಸ್ತರರ ಹತ್ತಿರ ಜಗಳವಾಡಿದ್ದೂ ಉಂಟು. ಬಾಯಿಯವರು ಜಪ್ಪಯ್ಯ ಅನ್ನಲಿಲ್ಲ.

ಉದ್ಯೋಗವಿದ್ದಾಗ ಬಿಡುವಿನಲ್ಲಿ ಮಾಡುತ್ತಿದ್ದ ಈ ಕೆಲಸ ನಿವೃತ್ತಿಯಾದ ಮೇಲೆ ಪೂರ್ತಿ ಉದ್ಯೋಗವೇ ಆಯಿತು. ಮಳಖೇಡದ ಕೋಟೆಯೊಳಗೆ ಮನೆ ಕಟ್ಟಿಕೊಂಡಿದ್ದವರು, ಶಹಾಬಾದಿನ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿದವರು, ಸಿಮೆಂಟ್ ಫ್ಯಾಕ್ಟರಿಗೆ ಹೊಲ ಕೊಟ್ಟು ಅದೇ ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್ ಆದವರು, ಉರ್ದು ಶಾಲೆಯಲ್ಲಿ ಕಲಿತು ಕನ್ನಡ ಓದಲು ಬಾರದ ಕನ್ನಡದ ಮುದುಕರು, ಎಲ್ಲರೂ ಅವರಿಗೆ ಬೇಕು. ಪುಸ್ತಕ ಬರೆದರೇ ಎಂದರೆ ಅದೂ ಇಲ್ಲ. ಯಾರಾದರೂ ಕೇಳಿದರೆ, ಇನ್ನೂ ಕೇಳುವುದೇ ಮುಗಿದಿಲ್ಲ ಅನ್ನುತ್ತಿದ್ದರು.

ಈ ಕೆಲಸದಲ್ಲಿ ಅವರದೊಂದು ಕಟ್ಟಳೆ ಇತ್ತು. ಒಂದು ಮನೆಯಲ್ಲಿ ಕೇಳಿದ ಮಾತನ್ನು ಇನ್ನೊಂದು ಮನೆಗೆ ಒಯ್ಯಬಾರದು. ಯಾರು ಹೇಳಿದರು ಎಂದು ಅಪ್ಪಿತಪ್ಪಿಯೂ ಬಾಯಿ ಬಿಡಬಾರದು. ಹಿಂದೊಮ್ಮೆ ಚಿಂಚೋಳಿ ಕಡೆಯ ಒಂದು ಊರಿನಲ್ಲಿ ಅಣ್ಣನ ಮನೆಯಲ್ಲಿ ಕೇಳಿದ್ದನ್ನು ತಮ್ಮನ ಮನೆಯಲ್ಲಿ ಇವರು ಆಡಿದ್ದಕ್ಕೆ, ಅವರಿಬ್ಬರು ಕೊಡಲಿ ಹಿಡಿದು ಬೀದಿಗೆ ಬಂದಿದ್ದರಂತೆ. ಅವತ್ತಿನಿಂದ ಬಾಯಿಯವರು ಈ ವಿಷಯದಲ್ಲಿ ಮಡಿಗಿಂತ ಹೆಚ್ಚು ಮಡಿ. ಅದನ್ನು ನಾನೂ ಮೆಚ್ಚುತ್ತಿದ್ದೆ. ಚಾಡಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ಶಹಾಬಾದಿನ ಖಣಿಗಳ ಹಿಂದಿನ ಓಣಿಯಲ್ಲಿ ರಹೀಮಾಬಿ ಸಿಕ್ಕಿದ್ದು ಹೀಗೆ ಸುತ್ತುವಾಗಲೇ. ಆಗ ಎಂಬತ್ತರ ಆಸುಪಾಸಿನ ಮುದುಕಿ. ಖಣಿಯಲ್ಲಿ ಮಣ್ಣು ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದುಹೋಗಿತ್ತು, ಧೂಳು ಕುಡಿದು ಎದೆಯಲ್ಲಿ ಉಬ್ಬಸ. ನಾವು ಹೋದದ್ದು ಖಣಿಯ ಹೆಂಗಸರ ಕೂಲಿಯ ಸಂಗತಿ ಕೇಳಲು. ಅದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಮುದುಕಿ, ನೀವು ಊರೂರು ತಿರುಗುತ್ತೀರಂತಲ್ಲ, ನನ್ನದೊಂದು ಕೆಲಸ ಮಾಡಿಕೊಡುತ್ತೀರಾ ಎಂದು ಕೇಳಿದಳು.

ರಹೀಮಾಬಿ ಹುಟ್ಟಿದ್ದು ಕಾಗಿಣಾ ದಂಡೆಯ ಒಂದು ಹಳ್ಳಿಯಲ್ಲಿ. ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನಾಳೆಯೇ ಯಾರಾದರೂ ಮೊಬೈಲು ಹಿಡಿದು ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ಅಪ್ಪ ಹತ್ತಿ ಬಡಿಯುವ ಪಿಂಜಾರ. ನಲವತ್ತೆಂಟರಲ್ಲಿ ಪೋಲೀಸ್ ಆಕ್ಷನ್ ಆಗಿ ನಿಜಾಮನ ಆಡಳಿತ ಬಿತ್ತಲ್ಲ, ಆ ವಾರದ ಮಾತು. ಅಲ್ಲಿಯವರೆಗೆ ಜನರನ್ನು ಗೋಳು ಹೊಯ್ದುಕೊಂಡಿದ್ದ ನಿಜಾಮನ ಕಡೆಯ ರಜಾಕಾರರು ಓಡಿಹೋದರು, ಅವರ ಮೇಲಿನ ಸಿಟ್ಟು ಏನೂ ಮಾಡದೆ ಊರಲ್ಲೇ ಉಳಿದಿದ್ದ ಮುಸಲ್ಮಾನರ ಮೇಲೆ ತಿರುಗಿತು. ಪಕ್ಕದ ಊರಿನಲ್ಲಿ ಕೊಂದರೆಂಬ ಸುದ್ದಿ ಬಂದದ್ದೇ ತಡ, ಪಿಂಜಾರನ ಮನೆಯವರು ಮಟಮಟ ಮಧ್ಯಾಹ್ನ ಜೋಳದ ಹೊಲ ಬಿದ್ದು ಶಹಾಬಾದಿನ ದಾರಿ ಹಿಡಿದರು. ರಹೀಮಾಬಿಗೆ ಎಂಟು ವರ್ಷ. ಅವಳ ತಮ್ಮ ಇನ್ನೂ ಮೊಲೆ ಬಿಡದ ಕೂಸು, ಮನೆಯಲ್ಲಿ ಮುನ್ನಾ ಅನ್ನುತ್ತಿದ್ದರು. ಕೂಸಿಗೆ ಕೆಂಡದಂಥ ಜ್ವರ. ಹೊತ್ತುಕೊಂಡು ಹೋದರೆ ದಾರಿಯಲ್ಲೇ ಸಾಯುತ್ತದೆ, ಅತ್ತರೆ ಎಲ್ಲರೂ ಸಾಯುತ್ತಾರೆ. ಪಕ್ಕದ ಅಂಬಿಗರ ಮನೆಯ ಅವ್ವನಿಗೆ ಕೊಟ್ಟು ಬಾ ಎಂದು ತಾಯಿ ಹೇಳಿದಳು. ಆ ಅವ್ವನ ಹೆಸರು ರಹೀಮಾಬಿಗೆ ಈಗ ನೆನಪಿಲ್ಲ. ಕೆಲವು ತಿಂಗಳ ಮೇಲೆ ಅಪ್ಪ ಪರಿಚಯದ ಒಬ್ಬನನ್ನು ಊರಿಗೆ ಕಳಿಸಿದ. ಕೂಸು ಅದೇ ಜ್ವರದಲ್ಲಿ ತೀರಿಕೊಂಡಿತಂತೆ ಎಂಬ ಮಾತು ಅವನು ತಂದ. ಆ ಮೇಲೆ ಪಿಂಜಾರನ ಮನೆಯವರು ಆ ಕಡೆ ಮುಖ ಮಾಡಲಿಲ್ಲ.

"ಗೋಡಿ ಮ್ಯಾಲಿಂದ ನಾನೇ ಕೊಟ್ಟೀನಿ ಬಾಯಿ, ಈ ಕೈಲೆ," ಎಂದಳು ರಹೀಮಾಬಿ. "ಅಮ್ಮ ಗೋಡಿ ತನಕ ಬರಲೇ ಇಲ್ಲ. ಸಾಯೋತನಕ ಅದನ್ನೇ ಅಂದು ಅತ್ತಳು. ಅವನ ಕಬರ್ ಎಲ್ಲದ, ಅಷ್ಟು ತೋರಿಸ್ರಿ. ಫಾತಿಹಾ ಓದಿ ಬರ್ತೀನಿ. ಆಮ್ಯಾಲ ನಾ ಸತ್ತರೂ ಚಿಂತಿಲ್ಲ."

ಜಾನಕೀಬಾಯಿ ಆಗಲಿ ಎಂದರು. ಆ ಒಂದು ಮಾತಿನಿಂದ ನನ್ನ ಗಾಡಿಗೆ ನಾಲ್ಕು ವರ್ಷದ ದುಡಿತ ಗಂಟುಬಿತ್ತು.

ಆ ಊರು ನಮಗೆ ಹೊಸದಲ್ಲ. ಅಲ್ಲಿ ಅಂಬಿಗರ ಓಣಿಯ ಹಿರಿಯ ಹಾಜಿಮಲಂಗ ಬಾಯಿಯವರಿಗೆ ಮೊದಲಿನಿಂದ ಪರಿಚಯ. ಬಿಳಿ ಧೋತರ, ಹಣೆಗೆ ವಿಭೂತಿ, ಕೈಯಲ್ಲಿ ಯಾವಾಗಲೂ ಪುಂಡಿ ನಾರಿನ ಹಗ್ಗ ಹೊಸೆಯುವ ಕೆಲಸ. ಹೊರಗಿನವರಿಗೆ ಈ ಹೆಸರು ಕೇಳಿ ಆಶ್ಚರ್ಯವಾಗಬಹುದು, ನಮ್ಮ ಸೀಮೆಯಲ್ಲಿ ಯಾರಿಗೂ ಆಗುವುದಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮೊಹರಮ್ಮಿನ ಅಲಾಯಿ ದೇವರಿಗೋ ದರ್ಗಾಕ್ಕೋ ಹರಕೆ ಹೊರುತ್ತಾರೆ, ಉಳಿದ ಕೂಸಿಗೆ ಆ ಹೆಸರು ಇಡುತ್ತಾರೆ. ಆ ಊರಿನ ಕಿರಾಣಿ ಅಂಗಡಿಯ ಬಂದೇಅಲಿ ಲಿಂಗ ಕಟ್ಟಿದವನು. ಕುರುಬರ ಅಮೀರ್ ಅಲಿ ನನ್ನ ಶಾಲೆಯಲ್ಲಿ ಉದ್ದಜಿಗಿತದಲ್ಲಿ ಗೆದ್ದವನು. ಊರಲ್ಲಿ ಮುಸಲ್ಮಾನರ ಮನೆ ಒಂದೂ ಉಳಿದಿಲ್ಲ, ಆದರೆ ಮೊಹರಮ್ಮಿಗೆ ಅಲಾಯಿ ಕುಣಿ ಎಂಬ ಬೆಂಕಿಯ ಗುಂಡಿ ತೋಡುವುದು, ದೇವರ ಲೋಹದ ಹಸ್ತವಾದ ಪಂಜಾ ಕೂಡಿಸುವುದು ಒಂದು ವರ್ಷವೂ ತಪ್ಪಿಲ್ಲ. ಪಂಜಾ ಹೊರುವುದು ಹಾಜಿಮಲಂಗನ ಮನೆತನದ ಪಾಲಿನ ಸೇವೆ.

ಕೂಸಿನ ವಿಷಯ ಬಾಯಿಯವರು ಮೊದಲು ಕೇಳಿದ್ದು ಅವನನ್ನೇ. ಪೋಲೀಸ್ ಆಕ್ಷನ್ ಹೊತ್ತಿನಲ್ಲಿ ಈ ಓಣಿಯ ಯಾರದೋ ಮನೆಯಲ್ಲಿ ಪಿಂಜಾರರ ಕೂಸು ಇತ್ತಂತೆ, ಏನಾಯಿತು ಎಂದರು. ಕಟ್ಟೆಯ ಮೇಲೆ ಅವನ ತಮ್ಮ ಮಾಣಿಕಪ್ಪನೂ ಇದ್ದ. ಹಾಜಿಮಲಂಗ ಹೊಸೆಯುತ್ತಿದ್ದ ನಾರನ್ನು ಬಿಡದೆ, ಇತ್ತಂತ್ರಿ, ಜ್ವರದಾಗ ತೀರಿಕೊಂಡಿತಂತ ಎಂದ. ಆ ಮೇಲೆ ಚಹಾ ಬಂತು, ಕುಡಿದೆವು. ಏಳುವ ಹೊತ್ತಿಗೆ ಅವನು ಕೇಳಿದ: "ಈ ಮಾತು ನಿಮಗ ಯಾರು ಹೇಳಿದ್ರು, ಬಾಯಾರ?"

"ಯಾರೋ ಹೇಳಿದ್ರು," ಎಂದರು ಜಾನಕೀಬಾಯಿ. "ನಾ ಇತಿಹಾಸಕ್ಕ ಕೇಳಾಕತ್ತೀನಿ."

ಅವನು ತಲೆಯಾಡಿಸಿ ಮತ್ತೆ ನಾರು ಹಿಡಿದ. ನಾನು ಗಾಡಿಗೆ ಒದೆ ಕೊಟ್ಟೆ.

ಗೋರಿ ಹುಡುಕುವುದೆಂದರೆ ಹುಡುಗಾಟವಲ್ಲ. ಹಳೆಯ ಕಬರಸ್ತಾನ ಹೊಳೆಯ ಅಂಚಿನಲ್ಲಿತ್ತು, ತುಂಬ ಜಾಲಿಕಂಟಿ. ಕಂಟಿ ಕಡಿಸಿ ನೋಡಿದೆವು, ಚಿಕ್ಕ ಗೋರಿ ಒಂದೂ ಇಲ್ಲ. ಅಂಬಿಗರು ತಮ್ಮವರನ್ನು ಹೂಳುವ ಹೊಲಗಳ ಬದುಗಳನ್ನೆಲ್ಲ ಹುಡುಕಿದೆವು. ಹೊಳೆಗೆ ಬಿಟ್ಟಿರಬೇಕು ಎಂದು ಒಬ್ಬಳು ಮುದುಕಿ ಹೇಳಿದ್ದಕ್ಕೆ ಬಾಯಿಯವರು ಎರಡು ದಿನ ಮಂಕಾಗಿದ್ದರು. ನಾನು ಬೈಯದ ದಿನವಿಲ್ಲ. ಯಾವುದಾದರೂ ಒಂದು ದಿಬ್ಬ ತೋರಿಸಿ ಇದೇ ಅಂದುಬಿಡಿ, ಮುದುಕಿಯ ಜೀವ ತಣ್ಣಗಾಗಲಿ ಎಂದೆ. ಅವರು ನನ್ನ ಮುಖವನ್ನು ಎಂಥ ರೀತಿ ನೋಡಿದರೆಂದರೆ, ಹುಡುಗರು ನನ್ನ ಸೀಟಿಗೆ ಯಾಕೆ ಹೆದರುತ್ತಿರಲಿಲ್ಲ, ಇವರ ಕಣ್ಣಿಗೆ ಯಾಕೆ ಹೆದರುತ್ತಿದ್ದರು ಎಂಬುದು ಆವಾಗ ತಿಳಿಯಿತು. ಶಹಾಬಾದಿಗೆ ಹೋದಾಗಲೆಲ್ಲ ರಹೀಮಾಬಿ ಬಾಗಿಲಲ್ಲೇ, ಸಿಕ್ಕಿತೇನು ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲ ಎಂದು ಹೇಳುವ ಕೆಲಸವನ್ನು ಬಾಯಿಯವರು ನನಗೆ ಒಂದು ಸಲವೂ ಬಿಡಲಿಲ್ಲ.

ನಾಲ್ಕನೆಯ ವರ್ಷ ಪುಣೆಯಿಂದ ಪೂನಮ್ ಎಂಬ ಹುಡುಗಿ ಬಂದಳು. ಮೊಹರಮ್ಮಿನ ಮೇಲೆ ಏನೋ ಸಂಶೋಧನೆ. ಯಾರೋ ಬಾಯಿಯವರ ಹೆಸರು ಹೇಳಿದ್ದರು. ಅವಳನ್ನು ಹಾಜಿಮಲಂಗನ ಕಟ್ಟೆಗೆ ಕರೆದುಕೊಂಡು ಹೋದೆವು. ಕುಳಿತು ಐದು ನಿಮಿಷ ಆಗಿರಲಿಲ್ಲ, ಹುಡುಗಿ ಹಿಂದಿಯಲ್ಲಿ ಮುದುಕನನ್ನು ನೇರವಾಗಿ ಕೇಳಿದಳು, ನಿಮಗೆ ಮುಸಲ್ಮಾನರ ಹೆಸರು ಯಾಕಿದೆ ಎಂದು. ಕಟ್ಟೆಯ ಮೇಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ನಾನೂ ನಕ್ಕೆ. ಇಷ್ಟು ಓದಿ ಇದೂ ತಿಳಿಯದಲ್ಲ ಎಂದು ಪಾಪ ಅನ್ನಿಸಿತು. ಹಾಜಿಮಲಂಗನೂ ನಕ್ಕು, ನಮ್ಮವ್ವ ಹರಕೆ ಹೊತ್ತು ಹಡೆದಳು ಎಂದು ಹೇಳಿದ. ಬಂದೇಅಲಿ, ಅಮೀರ್ ಅಲಿ ಎಲ್ಲರೂ ತಮ್ಮ ತಮ್ಮ ಹರಕೆಯ ಕಥೆ ಒಪ್ಪಿಸಿದರು. ಒಬ್ಬನಿಗಿಂತ ಮುಂಚೆ ನಾಲ್ಕು ಕೂಸು ಸತ್ತಿದ್ದವು, ಇನ್ನೊಬ್ಬನ ತಾಯಿಗೆ ಹನ್ನೆರಡು ವರ್ಷ ಮಕ್ಕಳೇ ಇರಲಿಲ್ಲ. ಹುಡುಗಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡು ಖುಷಿಯಿಂದ ಬಸ್ಸು ಹತ್ತಿದಳು.

ಬರುವಾಗ ಜಾನಕೀಬಾಯಿ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. ಮಳಖೇಡದ ಚಹಾದ ಅಂಗಡಿ ಬಂದಾಗ ಗಾಡಿ ನಿಲ್ಲಿಸಲು ಹೇಳಿದರು. ಹಾಜಿಮಲಂಗನಿಗೆ ಅಣ್ಣಂದಿರು ಎಷ್ಟು ಜನ ಎಂದು ಕೇಳಿದರು. ಮೂವರು, ಮೂವರೂ ಮೊಮ್ಮಕ್ಕಳನ್ನು ಕಂಡು ತೀರಿಕೊಂಡರು, ಕೆಳಗೆ ಮಾಣಿಕಪ್ಪ ಒಬ್ಬ ಎಂದೆ. ಮೇಲಿನವರ ನಡುವೆ ಸತ್ತ ಕೂಸು ಏನಾದರೂ ಉಂಟೋ ಎಂದರು. ಆ ಮನೆಯ ಮೂರು ತಲೆಮಾರಿನ ಕಥೆ ನನಗೂ ಬಾಯಿಪಾಠವಾಗಿತ್ತು. ಅಂಥದ್ದೇನೂ ಇರಲಿಲ್ಲ.

"ಮೂರು ಗಂಡುಮಕ್ಕಳು ಗಟ್ಟಿಮುಟ್ಟಾಗಿ ಆಡಿಕೊಂಡಿದ್ದಾಗ ಮಲ್ಲವ್ವ ನಾಲ್ಕನೇದಕ್ಕ ಯಾಕ ಹರಕಿ ಹೊರ್ತಾಳ, ಮಾಸ್ತರ್ರ?" ಎಂದರು.

ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಮಲ್ಲವ್ವ ಎಂದರೆ ಹಾಜಿಮಲಂಗನ ತಾಯಿ. ಅವನ ವಯಸ್ಸು ಲೆಕ್ಕ ಹಾಕಿದರೆ ಸರಿಯಾಗಿ ಆ ಕೂಸಿನ ವಯಸ್ಸು. ಬಗಲಾಗ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ನಾವು ಮಾಡಿದ್ದು ಅದನ್ನೇ. ನಾವಿಬ್ಬರೂ ಈ ಸೀಮೆಯವರಾಗಿದ್ದೇ ತಪ್ಪಾಯಿತು. ಬೇರೆ ಯಾರೇ ಆಗಿದ್ದರೂ ಮೊದಲ ದಿನವೇ ಆ ಹೆಸರಿನ ಮೇಲೆ ಬೆರಳಿಡುತ್ತಿದ್ದರು. ನಮಗೆ ಆ ಹೆಸರು ಕಣ್ಣಿಗೇ ಬೀಳಲಿಲ್ಲ.

ಮುಂದಿನದೇ ಕಷ್ಟ. ಇದನ್ನು ಇಲ್ಲಿಗೇ ಬಿಡಿ ಎಂದು ನಾನು ಖಡಾಖಂಡಿತ ಹೇಳಿದೆ. ಅವನಿಗೆ ಗೊತ್ತಿದೆಯೋ ಇಲ್ಲವೋ. ಎಂಬತ್ತಕ್ಕೆ ಹತ್ತಿರ ಬಂದವನು, ಮಕ್ಕಳು ಮೊಮ್ಮಕ್ಕಳು, ಅವರ ಲಗ್ನಗಳು, ಬೀಗರು. ತಮ್ಮ ಮಾಣಿಕಪ್ಪ ಮೂಗಿನ ಮೇಲೆ ಕೋಪದವನು. ಮೇಲಾಗಿ ಈಗಿನ ಕಾಲ ಹಳೆಯ ಕಾಲದ ಹಾಗಿಲ್ಲ. ಪಂಜಾ ಹೊರುವ ಹಿರಿಯ ಹುಟ್ಟಿನಿಂದ ಮುಸಲ್ಮಾನ ಎಂದು ಒಂದು ಸಲ ಬಾಯಿಂದ ಹೊರಬಿದ್ದರೆ, ಸಂಜೆಯೊಳಗೆ ಊರೂರಿನ ಮೊಬೈಲಿಗೆ ಮುಟ್ಟುತ್ತದೆ. ಎರಡೂ ಕಡೆಯವರು ಬಾವುಟ ಹಿಡಿದು ಬರುತ್ತಾರೆ. ಒಬ್ಬ ಮುದುಕನ ಮನೆ ಮುರಿದು ಇನ್ನೊಬ್ಬ ಮುದುಕಿಗೆ ಸಮಾಧಾನ ಕೊಡುವ ಹಕ್ಕು ನಿಮಗೆ ಯಾರು ಕೊಟ್ಟರು ಎಂದು ಕೇಳಿದೆ. ಸಿಟ್ಟಿನಲ್ಲಿ ಜೋರಾಗಿಯೇ ಕೇಳಿದೆ. ಚಹಾದವನು ನಮ್ಮಿಬ್ಬರನ್ನು ತಿರುಗಿ ನೋಡಿದ.

ಬಾಯಿಯವರು ವಾದಿಸಲಿಲ್ಲ. ಕೆಲವು ವಾರ ಎಲ್ಲಿಗೂ ಹೊರಡಲಿಲ್ಲ. ಪುಣೆಯ ಹುಡುಗಿ ಫೋನು ಮಾಡಿದರೆ ಹಾರಿಕೆಯ ಉತ್ತರ ಕೊಟ್ಟರು. ಅಷ್ಟರಲ್ಲಿ ರಹೀಮಾಬಿಗೆ ಉಬ್ಬಸ ಹೆಚ್ಚಾಗಿ ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರೆಂಬ ಸುದ್ದಿ ಬಂತು. ಹೋದೆವು. ಮೂಗಿನಲ್ಲಿ ನಳಿಗೆ ಇಟ್ಟಿದ್ದರೂ ಮುದುಕಿ ಕಣ್ಣಿನಲ್ಲೇ ಅದೇ ಪ್ರಶ್ನೆ ಕೇಳಿದಳು. ಜಾನಕೀಬಾಯಿ ಮೊದಲ ಸಲ ಉತ್ತರ ಹೇಳದೆ ಹೊರಗೆ ಬಂದರು.

ಆ ಸಂಜೆ ಅವರ ಮನೆಯ ಪಡಸಾಲೆಯಲ್ಲಿ ಗೋಪಾಲರಾಯರಿಗೆ ಎಲ್ಲ ಹೇಳಿದೆವು. ರಾಯರು ಕಡಿಮೆ ಮಾತಿನವರು. ಇಬ್ಬರು ತಮ್ಮ ತಮ್ಮ ಒಡವೆಯನ್ನು ನಿನ್ನ ಹತ್ತಿರ ಇಟ್ಟಿದ್ದಾರೆ, ಒಡವೆ ಅವರದ್ದು, ಕೊಡದೆ ಇಟ್ಟುಕೊಳ್ಳಲು ನೀನು ಯಾರು ಎಂದು ಹೇಳಿ ಸಂಧ್ಯಾವಂದನೆಗೆ ಎದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಗಾಡಿ ತೆಗೆದೆ.

ಹಾಜಿಮಲಂಗ ಕಟ್ಟೆಯ ಮೇಲೆ ಒಬ್ಬನೇ ಹಗ್ಗ ಹೊಸೆಯುತ್ತಿದ್ದ. ಜಾನಕೀಬಾಯಿ ಯಾವತ್ತಿನಂತೆ ಕುಶಲ ಕೇಳಲಿಲ್ಲ. ಎದುರಿಗೆ ಕುಳಿತು ಒಂದೇ ಉಸಿರಿನಲ್ಲಿ ತಮ್ಮ ಕಟ್ಟಳೆ ಮುರಿದರು.

"ಹಾಜಿಮಲಂಗಪ್ಪಾ, ಆ ಕೂಸಿನ ಮಾತು ನನಗ ಹೇಳಿದಾಕಿ ಅದರ ಅಕ್ಕ. ರಹೀಮಾ ಅಂತ. ಶಹಾಬಾದದಾಗ ಇದ್ದಾಳ. ತಮ್ಮನ ಗೋರಿ ಹುಡುಕಾಕತ್ತಾಳ."

ಮುದುಕನ ಕೈ ನಿಂತಿತು. ಹೊಸೆದ ನಾರು ತಾನಾಗಿಯೇ ಬಿಚ್ಚಿಕೊಂಡಿತು. ಜೀವಂತ ಇದ್ದಾಳಾ ಎಂದು ಕೇಳಿದ. ಇದ್ದಾಳೆ ಎಂದರು.  ಅವನು ಸಿಟ್ಟಿಲ್ಲದೆ, ಮೆತ್ತಗೆ ಹೇಳಿದ:

"ಯಾರು ಹೇಳಿದ್ರು ಅಂತ ಆವತ್ತೇ ಕೇಳಿದ್ನಲ್ರಿ ಬಾಯಾರ. ನೀವು ಇತಿಹಾಸಕ್ಕ ಅಂದ್ರಿ. ಇತಿಹಾಸಕ್ಕ ನಮ್ಮಪ್ಪ ಏನು ಹೇಳಿದ್ದನೋ ಅದನ್ನೇ ನಾನೂ ಹೇಳ್ದೆ. ನಮ್ಮವ್ವ ಸಾಯೋ ಮುಂದ ಹೇಳ್ಯಾಳ, ನಿನ್ನ ಕೇಳಿಕೊಂಡು ನಿನ್ನವರು ಬಂದ್ರ ಅವರಿಗೆ ಹೇಳು, ಬ್ಯಾರೆ ಯಾರಿಗೂ ಹೇಳಬ್ಯಾಡ ಅಂತ. ನಾಲ್ವತ್ತು ವರ್ಷ ಆತು, ಕೇಳ್ಕೊಂಡು ಯಾರೂ ಬರಲಿಲ್ಲ."



ಉಳಿದದ್ದನ್ನು ಅವನು ನಿಧಾನವಾಗಿ ಹೇಳಿದ. ಕೂಸಿನ ಜ್ವರ ಎಂಟು ದಿನಕ್ಕೆ ಇಳಿದಿತ್ತು. ಪಿಂಜಾರ ಕಳಿಸಿದ ಮನುಷ್ಯ ಬಂದಾಗ ಮಲ್ಲವ್ವನ ಗಂಡ ಹೊರಗೆ ನಿಂತಿದ್ದ. ಬಂದವನು ಯಾರ ಕಡೆಯವನೋ, ಕೂಸನ್ನು ಒಯ್ದು ಏನು ಮಾಡುತ್ತಾನೋ, ಬಚ್ಚಿಟ್ಟಿದ್ದಕ್ಕೆ ತನ್ನ ಮನೆಗೆ ಏನು ಗತಿಯೋ ಎಂದು ಹೆದರಿ, ತೀರಿಕೊಂಡಿತು ಎಂದು ಹೇಳಿ ಕಳಿಸಿದ. ಹೊಲದಿಂದ ಬಂದ ಮಲ್ಲವ್ವನಿಗೆ ಇದು ತಿಳಿದು ಅವಳು ವರ್ಷಗಟ್ಟಲೆ ಗಂಡನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೂಸಿಗೆ ಶರಣಪ್ಪನೋ ಬಸಪ್ಪನೋ ಎಂದು ಹೆಸರಿಡಲು ಗುಟ್ಟು ಬಲ್ಲ ಹಿರಿಯರೆಲ್ಲ ಹೇಳಿದರು. ಅವಳು ಒಪ್ಪಲಿಲ್ಲ. ಅವರು ಬಂದು ನೋಡಿದರೆ ತಮ್ಮ ಕೂಸಿಗೆ ತಮ್ಮ ಕಡೆಯ ಹೆಸರೇ ಇರಬೇಕು ಎಂದು ಹಟ ಹಿಡಿದಳು, ಕೇಳಿದವರಿಗೆ ಹರಕೆ ಎಂದಳು. ನಮ್ಮ ಸೀಮೆಯಲ್ಲಿ ಅಷ್ಟು ಸಾಕಲ್ಲ. ಅವಳು ಸತ್ತ ಮೇಲೆ ಹಾಜಿಮಲಂಗ ಒಂದು ಸಲ ಹೈದರಾಬಾದಿಗೆ ಹೋಗಿದ್ದ. ಓಡಿಹೋದವರೆಲ್ಲ ಅಲ್ಲೇ ಇರುತ್ತಾರೆಂದು ಕೇಳಿದ್ದನಂತೆ. ಅಷ್ಟು ದೊಡ್ಡ ಊರಿನಲ್ಲಿ ಯಾರನ್ನು ಕೇಳುವುದೆಂದು ತಿಳಿಯದೆ ಸ್ಟೇಷನ್ನಿನಿಂದಲೇ ತಿರುಗಿ ಬಂದ. ಶಹಾಬಾದಿನ ಸಂತೆಗೆ ಮಾತ್ರ ಪ್ರತಿ ವರ್ಷ ಮೆಣಸಿನಕಾಯಿ ಒಯ್ಯುತ್ತಿದ್ದ.

ಮಾಣಿಕಪ್ಪನಿಗೆ ಅವನೇ ಹೇಳಿದ. ನಾನು ಹೊಡೆದಾಟಕ್ಕೆ ತಯಾರಾಗಿ ನಿಂತಿದ್ದೆ. ಮಾಣಿಕಪ್ಪ ಕೂಗಾಡಿದ್ದು ನಿಜ, ಆದರೆ ಅವನ ಸಿಟ್ಟಿನ ದಾರಿಯೇ ಬೇರೆ. ಅವ್ವ ನಿನಗೆ ಹೇಳಿದಳು, ಹೊಟ್ಟೆಯಲ್ಲಿ ಹುಟ್ಟಿದ ನನಗೆ ಯಾಕೆ ಹೇಳಲಿಲ್ಲ, ನಾನೇನು ಡಂಗುರ ಸಾರುತ್ತಿದ್ದೆನಾ ಎಂದು ಅಣ್ಣನ ಮೇಲೆ ಹರಿಹಾಯ್ದ. ಎರಡು ದಿನ ಊಟ ಬಿಟ್ಟು ಮುನಿಸಿಕೊಂಡಿದ್ದನಂತೆ. ಮೂರನೆಯ ದಿನ ಯಾರದೋ ಜೀಪು ಕೇಳಿ ತಂದು, ಅಕ್ಕನ ಮನೆಗೆ ಹೋಗುವುದಿದ್ದರೆ ಹತ್ತು ಎಂದ.

ರಹೀಮಾಬಿ ಅಷ್ಟರಲ್ಲಿ ಮನೆಗೆ ಬಂದಿದ್ದಳು. ಹೊರಸಿನ ಮೇಲೆ ಒರಗಿ ಕುಳಿತಿದ್ದಳು. ಹಾಜಿಮಲಂಗ ಬರಿಗೈಯಲ್ಲಿ ಬರಲಿಲ್ಲ. ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ಬರಿಗೈಯಲ್ಲಿ ಹೋಗುತ್ತಾರೆಯೇ ಎಂದು ಇಳಕಲ್ ಸೀರೆ, ಕುಬುಸದ ಖಣ, ಒಂದು ಚೀಲ ಜೋಳ ತಂದಿದ್ದ. ಎಂಟನೆಯ ವಯಸ್ಸಿಗೆ ಊರು ಬಿಟ್ಟ ಆ ಮುದುಕಿಗೆ ಹುಟ್ಟೂರಿನಿಂದ ತವರಿನ ಸೀರೆ ಅಂತ ಒಂದೂ ಬಂದಿರಲಿಲ್ಲ. ಜಾನಕೀಬಾಯಿ ಆಗಲೇ ಹಿಂದಿನ ದಿನ ಹೋಗಿ ಎಲ್ಲ ಹೇಳಿದ್ದರು. ಮುದುಕಿ ಗುರುತು ಕೇಳಲಿಲ್ಲ, ಸಾಕ್ಷಿ ಕೇಳಲಿಲ್ಲ. ಹತ್ತಿರ ಕರೆದು, ವಿಭೂತಿ ಹಚ್ಚಿದ ಅವನ ಹಣೆಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ಸುಮಾರು ಹೊತ್ತು ಹಿಡಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದು ಮೂಗು ಸೀನಿಕೊಂಡೆ.

ಮುದುಕಿಗೆ ಒಂದೇ ಚಿಂತೆ ಹತ್ತಿತ್ತು. ಇಷ್ಟು ವರ್ಷ ಬದುಕಿದವನ ಹೆಸರಲ್ಲಿ ಮನೆಯಲ್ಲೇ ಕೂತು ಫಾತಿಹಾ ಓದಿಬಿಟ್ಟೆನಲ್ಲ, ಇದರಿಂದ ಅವನಿಗೆ ಏನಾದರೂ ಕೆಡುಕಾಗುವುದೋ ಎಂದು ಕೇಳಿದಳು. ಹಾಜಿಮಲಂಗ, ನಮ್ಮವ್ವ ಹೊಲದಲ್ಲಿ ಮಲಗಿದ್ದಾಳೆ, ಬಂದು ಅವಳಿಗೆ ಓದು ಎಂದ. ಉಸಿರು ಸ್ವಲ್ಪ ಹಗುರಾದ ಮೇಲೆ, ಜೋಳ ಹಾಲುಕಾಳಿಗೆ ಬಂದಿದ್ದ ದಿನಗಳಲ್ಲಿ, ಮಾಣಿಕಪ್ಪನೇ ಬಂದು ಕರೆದುಕೊಂಡು ಹೋದ. ಮಲ್ಲವ್ವನ ಗೋರಿಯೆಂದರೆ ಬದುವಿನ ಹತ್ತಿರ ನಾಲ್ಕು ಫರಸಿ ಹೊಂದಿಸಿದ ಕಟ್ಟೆ. ಅದರ ಮುಂದೆ ರಹೀಮಾಬಿ ಅಂಗೈ ಎತ್ತಿ ಓದಿದಳು. ಮುಗಿಸಿ ಕಲ್ಲು ಸವರಿ, "ನಾ ಓದಿದ್ದೆಲ್ಲ ಈಕಿಗೇ ಮುಟ್ಟಿರಬೇಕು," ಎಂದಳು. ಓಣಿಯವರು ನೋಡುತ್ತ ನಿಂತಿದ್ದರು. ಯಾರು ಎಂದು ಕೇಳಿದವರಿಗೆ ಮಾಣಿಕಪ್ಪ, ನಮ್ಮಕ್ಕ ಎಂದ. ಅವನ ಮುಖ ನೋಡಿ ಎರಡನೆಯ ಪ್ರಶ್ನೆ ಯಾರೂ ಕೇಳಲಿಲ್ಲ. ಪಂಜಾ ಹೊರುವ ವಿಷಯದಲ್ಲಿಯೂ ಆ ಊರಿನಲ್ಲಿ ಇವತ್ತಿನವರೆಗೆ ಸೊಲ್ಲೆದ್ದಿಲ್ಲ. ನಾನು ಹೆದರಿದಷ್ಟು ಕೆಟ್ಟಿಲ್ಲ ಜನ, ಅಥವಾ ಆ ಊರಿನವರಷ್ಟೇ ಕೆಟ್ಟಿಲ್ಲವೋ ಏನೋ.

ಜಾನಕೀಬಾಯಿ ಇದನ್ನು ಎಲ್ಲೂ ಹೇಳಲಿಲ್ಲ. ಸಪ್ಟೆಂಬರ್ ಹದಿನೇಳರ ವಿಮೋಚನಾ ದಿನಕ್ಕೆ ಸೇಡಂನಲ್ಲಿ ಭಾಷಣಕ್ಕೆ ಕರೆದರೆ ಹೋಗಿ ಬೇರೆ ಏನೋ ಹೇಳಿ ಬಂದರು. ಊರು ಸುತ್ತುವುದನ್ನು ಬಿಟ್ಟಿಲ್ಲ. ಆದರೆ ಈಗ ಯಾರ ಕಟ್ಟೆಗೆ ಹೋದರೂ, ಈ ಮಾತು ಯಾರಿಗೆ ಬೇಕಾಗಿದೆ ಎಂಬುದನ್ನು ಮೊದಲು ಹೇಳಿ ಆ ಮೇಲೆ ಪ್ರಶ್ನೆ ಕೇಳುತ್ತಾರೆ. ಅದರಿಂದ ಒಂದೆರಡು ಕಡೆ ಜಗಳವೂ ಆಗಿದೆ. ಆಗಲಿ ಅನ್ನುತ್ತಾರೆ.

ಹಾಜಿಮಲಂಗ ವಾರವಾರ ಸಂತೆಯ ನೆಪದಲ್ಲಿ ಶಹಾಬಾದಿಗೆ ಹೋಗುತ್ತಿದ್ದ. ಅಕ್ಕ ತಮ್ಮ ಇಬ್ಬರೂ ಮಾತಾಡಿದ್ದಕ್ಕಿಂತ ಸುಮ್ಮನೆ ಕುಳಿತದ್ದೇ ಹೆಚ್ಚು ಎಂದು ಅವನೇ ಹೇಳಿದ್ದ. ಅವ್ವ ಅಪ್ಪ ಹೇಗಿದ್ದರು ಎಂದು ಈಗೀಗ ಕೇಳಲು ಧೈರ್ಯ ಬರುತ್ತಿದೆ ಎಂದಿದ್ದ. ಬೇಸಿಗೆ ಏರಿದ ಹಾಗೆ ರಹೀಮಾಬಿಯ ಉಸಿರು ಮತ್ತೆ ಕೆಟ್ಟಿತು. ಮೇ ತಿಂಗಳಲ್ಲಿ ತೀರಿಕೊಂಡಳು.

ಮಣ್ಣಿಗೆ ನಾವೂ ಹೋಗಿದ್ದೆವು. ಗಂಡಸರು ಸಾಲಾಗಿ ಹಿಡಿಮಣ್ಣು ಹಾಕಲು ನಿಂತಿದ್ದರು. ಹಾಜಿಮಲಂಗ ಸಾಲಿನ ಕಡೆ ನಡೆಯುತ್ತಿದ್ದವನು ಕಬರಸ್ತಾನದ ಬಾಗಿಲ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ ಜಾನಕೀಬಾಯಿಯನ್ನು ಕಂಡು ಹತ್ತಿರ ಬಂದ. ಬಾಯಿಯವರು ಅಳುತ್ತಿದ್ದರು. ಮೂವತ್ತು ವರ್ಷದ ಪರಿಚಯದಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಆಕಿವು ನಾಲ್ಕು ವರ್ಷ ನನ್ನ ಕೈಯಾಗ ಹೋದವು, ಹಾಜಿಮಲಂಗಪ್ಪಾ," ಎಂದರು.

ಅವನು ಇಲ್ಲ ಅನ್ನುತ್ತಾನೆ, ಸಮಾಧಾನ ಹೇಳುತ್ತಾನೆ ಎಂದು ನಾನು ಕಾದೆ. ಅವನು ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ.

"ಹೌದ್ರಿ ಬಾಯಾರ, ಹೋದವು," ಎಂದ. ಮತ್ತೆ ಹೋಗಿ ಸಾಲಿನ ಮುಂದೆ, ಮನೆಯವರು ನಿಲ್ಲುವ ಜಾಗದಲ್ಲಿ ನಿಂತ.